ಸ್ಟರ್ನ್‌ಡ್ರೈವ್ ಕಲ್ಲಿಗೆ ಬಡಿದಿದೆ, 7.6 ಲಕ್ಷ ಅಂತಾರೆ. ತುಮಕೂರಲ್ಲಿ ಏನಾದರೂ ದಾರಿ ಇದೆಯಾ?

ಬಟವಾಡಿ ಹುಡುಗ (ಮೇ 24, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಇದು ಟ್ರ್ಯಾಕ್ಟರ್, ಬೋರ್‌ವೆಲ್ ಮೋಟಾರು, ಹಳೇ ಜೀಪಿನವರ ಗುಂಪು ಅಂತ ಗೊತ್ತು. ಇಲ್ಲಿ ಬೋಟಿನ ಪ್ರಶ್ನೆ ಕೇಳೋಕೆ ನನಗೇ ನಗು ಬರುತ್ತಿದೆ. ಆದರೆ ಗೇರು, ಬೇರಿಂಗು ಎಲ್ಲ ಕಡೆ ಒಂದೇ ಜಾತಿ ಅಲ್ವಾ, ಅದಕ್ಕೇ ಬಂದೆ.

ನಾನೂ ನಮ್ಮ ಭಾವನೂ ಸೇರಿ ಹೊನ್ನಾವರದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸ್ಪೀಡ್ ಬೋಟ್ ತಗೊಂಡು ಎರಡು ವರ್ಷ ಆಯಿತು. 11 ಲಕ್ಷ ಕೊಟ್ಟಿದ್ದೆವು. ಶರಾವತಿ ಸಮುದ್ರ ಸೇರುವ ಕಡೆ ಪ್ರವಾಸಿಗರನ್ನು ಸುತ್ತಾಡಿಸುತ್ತೇವೆ. ಭಾವ ಅಲ್ಲೇ ಇರುತ್ತಾರೆ, ನಾನು ಇಲ್ಲಿಂದ ದುಡ್ಡು ಕಳಿಸುವವನು. ಈ ಬೋಟಿನಲ್ಲಿ ಎಂಜಿನ್ ಒಳಗಿದೆ. ಗೇರು, ಫ್ಯಾನು (ಪ್ರೊಪೆಲ್ಲರ್) ಇರುವ ಭಾಗ ಹಿಂದುಗಡೆ ಹೊರಗೆ ನೇತಾಡುತ್ತದೆ. ಅದೇ ಸ್ಟರ್ನ್‌ಡ್ರೈವ್, ಅಲ್ಲಿನವರು ಲೆಗ್ ಅಂತಾರೆ. ನಮ್ಮದು ಮರ್ಕ್ರೂಸರ್ ಆಲ್ಫಾ ವನ್.

ಹೋದ ಭಾನುವಾರ ಇಳಿತದ ಹೊತ್ತಲ್ಲಿ ಕಲ್ಲಿಗೆ ಬಡಿಯಿತು. ಫ್ಯಾನಿನ ಕೆಳಗೆ ಮೀನಿನ ರೆಕ್ಕೆ ಹಾಗೆ ಒಂದು ತುಂಡು ಇರುತ್ತಲ್ಲ, ಸ್ಕೆಗ್, ಅದು ಅರ್ಧ ಇಲ್ಲ. ಸ್ಟೀಲ್ ಫ್ಯಾನಿನ ಎರಡು ಎಲೆ ಬಾಗಿವೆ. ಮುಂದಕ್ಕೆ ಹಾಕಿದರೆ ಕಟಕಟ ಸದ್ದು. ಕೊಚ್ಚಿಯ ಒಂದು ಅಂಗಡಿಯವರು ಫೋಟೋ ನೋಡಿಯೇ ಪೂರ್ತಿ ಹೊಸ ಡ್ರೈವ್ ಹಾಕಿ, ಸುಂಕ ಜಿಎಸ್‌ಟಿ ಎಲ್ಲ ಸೇರಿ 7.6 ಲಕ್ಷ ಅಂದರು. ಗೋವಾದವರೊಬ್ಬರು ಕೆಳಗಿನ ಅರ್ಧ ಮಾತ್ರ ಬದಲಾಯಿಸಿದರೆ 3.4 ಲಕ್ಷ, ಮಿಕ್ಕಿದ್ದು ಬಿಚ್ಚಿ ನೋಡಿದ ಮೇಲೆ ಅಂದರು. ಬೋಟಿನ ಬೆಲೆಯೇ 11 ಲಕ್ಷ ಇರುವಾಗ 7.6 ಕೊಡೋದಾ? ರಾತ್ರಿ ನಿದ್ದೆ ಇಲ್ಲ.

ಸಿರಾ ಕಡಲೆಕಾಯಿ (ಮೇ 24, ರಾತ್ರಿ 9:52)

ಗುರುವೇ, ನಮಗೆ ಗೊತ್ತಿರೋ ಬೋಟು ಅಮಾನಿಕೆರೆಯದು ಒಂದೇ. ನಿನ್ನದು ನೋಡಿದರೆ ಸಮುದ್ರಕ್ಕೇ ಹೋಗಿದೆ. ಮೊದಲು ಇದನ್ನು ಮನೆಯಲ್ಲಿ ಹೇಳಿದ್ದೀಯಾ?

ಬಟವಾಡಿ ಹುಡುಗ (ಮೇ 24, ರಾತ್ರಿ 9:55)

ಇಲ್ಲ.

ಲೇತ್ ಮೂರ್ತಿ (ಮೇ 24, ರಾತ್ರಿ 10:20)

ಅಂತರಸನಹಳ್ಳಿಯಲ್ಲಿ ನನ್ನ ವರ್ಕ್‌ಶಾಪ್ ಇದೆ. ಬೋಟ್ ಮುಟ್ಟಿಲ್ಲ, ಸುಳ್ಳು ಹೇಳಲ್ಲ. ಆದರೆ ಮೊದಲ ಮಾತು, ಆ ಎಂಜಿನ್ನನ್ನು ಇನ್ನೊಂದು ಸಲ ಸ್ಟಾರ್ಟ್ ಮಾಡಿ ಗೇರ್‌ಗೆ ಹಾಕಬೇಡಿ. ಮುರಿದ ಹಲ್ಲಿನ ಚೂರು ಒಳಗೆ ಇದ್ದರೆ, ಸುತ್ತಿದಷ್ಟೂ ಚೆನ್ನಾಗಿರುವ ಹಲ್ಲನ್ನೂ ತಿನ್ನುತ್ತದೆ. ಆಯಿಲ್ ನೋಡಿದ್ರಾ?

ಕೆಜಿಎಫ್ ಹಳೇ ಗೇರು (ಮೇ 25, ಬೆಳಗ್ಗೆ 6:15)

ನಾನು ಬೆಮೆಲ್‌ನಲ್ಲಿ ಡೋಜರ್ ಗೇರ್‌ಬಾಕ್ಸ್ ಜೋಡಿಸುತ್ತಾ ಜೀವನ ಕಳೆದವನು. ಮೂರ್ತಿಯವರು ಹೇಳಿದ್ದು ಸರಿ. ಫೋಟೋ ನೋಡಿ ಬೆಲೆ ಹೇಳುವವನು ಡ್ರೈವ್ ಮಾರುವವನು, ರಿಪೇರಿ ಮಾಡುವವನಲ್ಲ. ಡ್ರೇನ್ ಸ್ಕ್ರೂ ಬಿಚ್ಚಿ ಆಯಿಲ್ ಹೊರಗೆ ತೆಗೀರಿ. ಬಿಳಿ ತಟ್ಟೆಗೆ ಸುರಿದು ಹಗಲು ಬೆಳಕಲ್ಲಿ ನೋಡಿ. ಕಪ್ಪಗಿದ್ದರೆ ಹಳೇದು, ಅಷ್ಟೇ. ಹಾಲು ಹಾಕಿದ ಕಾಫಿ ಹಾಗೆ ಇದ್ದರೆ ಒಳಗೆ ನೀರು ಹೋಗಿದೆ. ಮಿನುಗುವ ಪುಡಿ ಇದ್ದರೆ ಬೇರಿಂಗೋ ಗೇರೋ ಹೋಗಿದೆ.

ಕುಮಟಾ ಟು ಕುಣಿಗಲ್ (ಮೇ 25, ಬೆಳಗ್ಗೆ 8:30)

ನನ್ನೂರು ಕುಮಟಾ, ಕೆಲಸ ಕುಣಿಗಲ್‌ನಲ್ಲಿ. ಚಿಕ್ಕಪ್ಪನ ಜೊತೆ ಎಂಟು ವರ್ಷ ಬೋಟ್ ಮೆಕ್ಯಾನಿಕ್ ಆಗಿದ್ದೆ. ಕೆಲವು ಮಾತು ಹೇಳುತ್ತೇನೆ.

ಸ್ಟೀಲ್ ಫ್ಯಾನ್ ಹಾಕಿದ್ದೇ ನಿಮ್ಮ ಮೊದಲ ತಪ್ಪು. ಕಲ್ಲು ಇರುವ ಕಡೆ ಅಲ್ಯೂಮಿನಿಯಂ ಫ್ಯಾನ್ ಇರಬೇಕು. ಅದು ಬೇಗ ಮುರಿಯುತ್ತದೆ ಅಂತ ಎಲ್ಲರೂ ಬೈತಾರೆ. ಮುರಿಯುವುದೇ ಅದರ ಕೆಲಸ. ಸ್ಟೀಲಿನದು ತಾನು ಗಟ್ಟಿ ನಿಂತು ಹೊಡೆತವನ್ನು ಒಳಗಿನ ಶಾಫ್ಟಿಗೆ, ಗೇರಿಗೆ ದಾಟಿಸುತ್ತದೆ. ಫ್ಯಾನಿನ ನಡುವೆ ರಬ್ಬರಿನ ಹಬ್ ಇರುತ್ತದೆ, ಸ್ವಲ್ಪ ಹೊಡೆತ ಅದು ತಡೆಯುತ್ತದೆ. ಪೂರ್ತಿ ತಡೆಯಲ್ಲ.

ಆಲ್ಫಾ ವನ್‌ನಲ್ಲಿ ಮುಂದೆ ಹಿಂದೆ ಹೋಗುವ ಗೇರು, ಅದನ್ನು ಹಿಡಿಯುವ ಡಾಗ್ ಕ್ಲಚ್, ಎರಡೂ ಕೆಳಗಿನ ಅರ್ಧದಲ್ಲೇ ಇವೆ. ಅದೇ ಕಂಪನಿಯ ಇನ್ನೊಂದು ಮಾದರಿ ಬ್ರಾವೋ ಆಗಿದ್ದರೆ ಕ್ಲಚ್ ಮೇಲಿರುತ್ತಿತ್ತು. ಹಾಗಾಗಿ ನಿಮ್ಮದರಲ್ಲಿ ಹೊಡೆತ ತಿಂದದ್ದು ಜಾಸ್ತಿ ಕೆಳಗೇ ಇರಬೇಕು. ಮೇಲಿನ ಅರ್ಧ ಬಚಾವಾಗಿರಬಹುದು. ಪೂರ್ತಿ ಡ್ರೈವ್ ಬದಲಾಯಿಸಿ ಅನ್ನೋದು ಸೋಮಾರಿ ಮಾತು.

ಒಂದು ಪ್ರಶ್ನೆ. ಕಲ್ಲಿಗೆ ಬಡಿಯುವ ಮೊದಲು, ಬೋಟ್ ತಿರುಗಿಸುವಾಗ ಹಿಂದಿನಿಂದ ಗುರ್ ಅನ್ನುವ ಸದ್ದು ಬರುತ್ತಿತ್ತಾ? ಭಾವನವರನ್ನು ಕೇಳಿ. ನಿಜ ಹೇಳಿ ಅಂತ ಹೇಳಿ.

ಗುಡಿಬಂಡೆ ಗಡಿಯಾರ (ಮೇ 25, ಬೆಳಗ್ಗೆ 11:05)

ಯಾಕ್ರೀ ಇಷ್ಟು ತಲೆನೋವು? ಅದನ್ನು ಕಿತ್ತು ಬಿಸಾಡಿ ಹಿಂದೆ ಒಂದು ಔಟ್‌ಬೋರ್ಡ್ ಕಟ್ಟಿ, ಎಂಜಿನ್ನೂ ಫ್ಯಾನೂ ಒಟ್ಟಿಗೆ ಹೊರಗೆ ನೇತಾಡುತ್ತಲ್ಲ, ಅದು. ಮೀನುಗಾರರೆಲ್ಲ ಅದನ್ನೇ ಇಟ್ಟುಕೊಂಡಿಲ್ವಾ?

ಕುಮಟಾ ಟು ಕುಣಿಗಲ್ (ಮೇ 25, ಮಧ್ಯಾಹ್ನ 12:40)

ಹೇಳೋಕೆ ಸುಲಭ ಸಾರ್. ಬೋಟಿನ ಹಿಂದಿನ ಹಲಗೆಯಲ್ಲಿ ಡ್ರೈವಿಗೆ ದೊಡ್ಡ ತೂತು ಕೊರೆದಿರುತ್ತಾರೆ. ಅದನ್ನು ಮುಚ್ಚಿ ಔಟ್‌ಬೋರ್ಡಿನ ಭಾರ ತಡೆಯುವ ಹಾಗೆ ಗಟ್ಟಿ ಮಾಡಬೇಕು. ಒಳಗಿನ ಎಂಜಿನ್ ತೆಗೆದರೆ ತೂಕ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಅಷ್ಟು ಪವರಿನ ಹೊಸ ಔಟ್‌ಬೋರ್ಡಿನ ದುಡ್ಡಿಗೆ ಈ ಡ್ರೈವ್ ಎರಡು ಸಲ ರಿಪೇರಿ ಆಗುತ್ತದೆ. ಎಂಜಿನ್ ಬದಲಾದರೆ ರಿಜಿಸ್ಟ್ರೇಷನ್, ಸರ್ವೆ ಎಲ್ಲ ಮತ್ತೆ ಓಡಾಡಬೇಕು. 2021ರ ಒಳನಾಡು ಹಡಗು ಕಾಯ್ದೆ ಬಂದ ಮೇಲೆ ಪ್ರಯಾಣಿಕರನ್ನು ಕೂರಿಸುವವನಿಗೆ ಕಾಗದ ಸರಿ ಇರಲೇಬೇಕು.

ಪಾಲಿಸಿ ಪಾಪಣ್ಣ (ಮೇ 25, ಸಂಜೆ 7:10)

ಯಾರೂ ಸ್ಪಾನರ್ ಹಿಡಿಯುವ ಮುಂಚೆ ನನ್ನ ಮಾತು ಕೇಳಿ. ಇನ್ಶೂರೆನ್ಸ್ ಇದೆ ತಾನೆ? ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಸರ್ವೇಯರ್ ಬಂದು ನೋಡುವವರೆಗೆ ಬಿಚ್ಚಬೇಡಿ. ಬಿಚ್ಚುವಾಗಲೂ ಅವರು ಎದುರಿಗಿದ್ದರೆ ಒಳ್ಳೆಯದು. ಮೊದಲೇ ಬಿಚ್ಚಿದರೆ ಕಲ್ಲಿನಿಂದ ಆದದ್ದು ಯಾವುದು, ಸವೆದು ಹೋದದ್ದು ಯಾವುದು ಅಂತ ನಿಮ್ಮ ಮಾತು ಯಾರೂ ನಂಬಲ್ಲ. ಸವೆತಕ್ಕೆ ದುಡ್ಡು ಬರಲ್ಲ, ಅಪಘಾತಕ್ಕೆ ಬರುತ್ತದೆ.

ಬಟವಾಡಿ ಹುಡುಗ (ಮೇ 26, ರಾತ್ರಿ 8:00)

ಎಲ್ಲರಿಗೂ ಥ್ಯಾಂಕ್ಸ್. ಕಂಪನಿಗೆ ಮೇಲ್ ಹಾಕಿದೆ. ಭಾವನನ್ನು ಕೇಳಿದೆ. ಮೊದಲು ಇಲ್ಲ ಇಲ್ಲ ಅಂದರು. ಆಮೇಲೆ ಅಕ್ಕ ಫೋನ್ ಕಿತ್ತುಕೊಂಡು ಹೇಳಿದಳು, ದೀಪಾವಳಿಯಿಂದಲೂ ತಿರುಗಿಸುವಾಗ ಗುರ್ ಅಂತಿತ್ತಂತೆ.

ಕುಮಟಾ ಟು ಕುಣಿಗಲ್ (ಮೇ 26, ರಾತ್ರಿ 8:15)

ಅದೇ ಅಂದುಕೊಂಡೆ. ಗಿಂಬಲ್ ಬೇರಿಂಗ್ ಹೋಗಿದೆ. ಎಂಜಿನ್ನಿನಿಂದ ಶಾಫ್ಟ್ ಹೊರಗೆ ಬರುವ ಜಾಗದಲ್ಲಿ ಅದು ಇರುತ್ತದೆ. ಅದರ ಸುತ್ತ ಅಕಾರ್ಡಿಯನ್ ಹಾಗೆ ಮಡಿಕೆ ಮಡಿಕೆ ರಬ್ಬರ್ ಇರುತ್ತದೆ, ಬೆಲ್ಲೋಸ್ ಅಂತೀವಿ. ಅದು ಹರಿದರೆ ಉಪ್ಪು ನೀರು ಒಳಗೆ ಬಂದು ಬೇರಿಂಗು, ಯೂನಿವರ್ಸಲ್ ಜಾಯಿಂಟು ಎರಡನ್ನೂ ತುಕ್ಕು ಹಿಡಿಸುತ್ತದೆ. ಇನ್ನೊಂದು ಗೊತ್ತಾ? ಆ ತೂತು ನೀರಿನ ಮಟ್ಟಕ್ಕಿಂತ ಕೆಳಗಿದೆ. ಜಾಸ್ತಿ ಹರಿದರೆ ಕಟ್ಟಿ ಹಾಕಿದ ಬೋಟೇ ಮುಳುಗುತ್ತದೆ. ಬೆಲ್ಲೋಸ್ ಪ್ರತಿ ವರ್ಷ ನೋಡಬೇಕು, ಕೆಲವು ವರ್ಷಕ್ಕೊಮ್ಮೆ ಸುಮ್ನೆ ಬದಲಾಯಿಸಿಬಿಡಬೇಕು.

ಇನ್ನು ಅರ್ಜೆಂಟ್ ಮಾಡಬೇಡಿ. ಮಳೆಗಾಲದಲ್ಲಿ ನಿಮ್ಮ ಬೋಟ್ ಹೇಗೂ ದಡದ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ಆಗ ಕರಾವಳಿಯ ಮೆಕ್ಯಾನಿಕ್‌ಗಳಿಗೆಲ್ಲ ಕೈತುಂಬ ಕೆಲಸ, ನಿಮ್ಮದನ್ನು ಮೂಲೆಗೆ ಹಾಕುತ್ತಾರೆ. ಡ್ರೈವ್ ಬಿಚ್ಚಿ ತುಮಕೂರಿಗೆ ತರಿಸಿ. ಆರೇ ಆರು ನಟ್ಟು. ಬಿಚ್ಚುವಾಗ ಫಾರ್ವರ್ಡ್ ಗೇರಿನಲ್ಲಿ ಇಟ್ಟಿರಬೇಕು, ಮರೆಯಬೇಡಿ.

ಬಟವಾಡಿ ಹುಡುಗ (ಜೂನ್ 7, ರಾತ್ರಿ 10:10)

ಬಂತು! ಸರ್ವೇಯರ್ ಬಂದು ಫೋಟೋ ತೆಗೆದು ಆಯಿತು. ಇಲ್ಲಿಂದ ಹೊನ್ನಾವರಕ್ಕೆ ಹುಣಸೆಹಣ್ಣು ಹೊತ್ತುಕೊಂಡು ಹೋಗುವ ಪಿಕಪ್ ಒಂದು ಸಿಕ್ಕಿತು. ಬರುವಾಗ ಖಾಲಿ. ಬಿಎಚ್ ರೋಡ್ ಅಂದರೆ ಬೆಂಗಳೂರು–ಹೊನ್ನಾವರ ರೋಡು ಅಂತ ಚಿಕ್ಕಂದಿನಿಂದ ಕೇಳಿದ್ದೆ, ಉಪಯೋಗಕ್ಕೆ ಬಂದದ್ದು ಈಗಲೇ. ಡ್ರೈವಿಗೆ ಗೋಣಿಚೀಲ ಸುತ್ತಿ ತಂದರು. ಹುಣಸೆ ವಾಸನೆ ಇನ್ನೂ ಹೋಗಿಲ್ಲ.

ಇವತ್ತು ಮೂರ್ತಿಯಣ್ಣನ ಶಾಪಲ್ಲಿ ಆಯಿಲ್ ಇಳಿಸಿದೆವು. ಮೊದಲು ಒಂದು ಲೋಟದಷ್ಟು ಬರೀ ನೀರು ಬಂತು. ಆಮೇಲೆ ಬೂದು ಬಣ್ಣದ ಮಂದ ಮಜ್ಜಿಗೆ. ಡ್ರೇನ್ ಸ್ಕ್ರೂನಲ್ಲಿ ಮ್ಯಾಗ್ನೆಟ್ ಇದೆ, ಅದಕ್ಕೆ ಕಬ್ಬಿಣದ ಪುಡಿ ಅಂಟಿ ಮೀಸೆ ಬಂದ ಹಾಗಿತ್ತು. ಆ ಮೀಸೆಯ ನಡುವೆ ಅಡಿಕೆ ಚೂರಿನಷ್ಟು ಒಂದು ತುಂಡು. ಮೂರ್ತಿಯಣ್ಣ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ‘ಪಿನಿಯನ್ ಹಲ್ಲು’ ಅಂದರು, ಅಂದರೆ ಶಾಫ್ಟಿನ ತುದಿಯ ಚಿಕ್ಕ ಗೇರಿನದು. ಆಮೇಲೆ ಕಾಫಿ ತರಿಸಿದರು. ನನ್ನ ಮುಖ ನೋಡಿ ಇರಬೇಕು.

ಲೇತ್ ಮೂರ್ತಿ (ಜೂನ್ 7, ರಾತ್ರಿ 10:45)

ಫ್ಯಾನ್ ಬಿಚ್ಚಿದಾಗ ಹಿಂದೆ ಶಾಫ್ಟಿಗೆ ಬಲೆಯ ನೈಲಾನ್ ದಾರ ಸುತ್ತಿಕೊಂಡಿತ್ತು. ಬಿಸಿಗೆ ಕರಗಿ ಗಟ್ಟಿ ಉಂಗುರ ಆಗಿದೆ. ಆಯಿಲ್ ಸೀಲಿನ ತುಟಿಯನ್ನು ಬ್ಲೇಡ್ ಹಾಕಿದ ಹಾಗೆ ಕೊಯ್ದಿದೆ. ನೀರು ಒಳಗೆ ಹೋದದ್ದು ಅಲ್ಲಿಂದ. ಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಬೇರಿಂಗ್ ಕ್ಯಾರಿಯರ್ ಹಿಡಿದಿರುವ ದೊಡ್ಡ ರಿಂಗ್ ನಟ್ಟು ಉಪ್ಪಿಗೆ ಕಚ್ಚಿಕೊಂಡಿದೆ. ಅದಕ್ಕೆ ಬೇರೆಯೇ ಸ್ಪಾನರ್ ಬೇಕು. ಹಳೇ ಪ್ಲೇಟ್ ಕತ್ತರಿಸಿ ಒಂದು ಮಾಡಿಕೊಂಡೆ. ಬಿಸಿ ಮಾಡಿದೆ, ಆಯಿಲ್ ಬಿಟ್ಟೆ, ಇವತ್ತಿಗೆ ಜಗ್ಗಿಲ್ಲ.

ಕೆಜಿಎಫ್ ಹಳೇ ಗೇರು (ಜೂನ್ 8, ಬೆಳಗ್ಗೆ 5:50)

ಕೇಸಿಂಗ್ ಅಲ್ಯೂಮಿನಿಯಂ. ಒಂದೇ ಕಡೆ ಜಾಸ್ತಿ ಕಾಯಿಸಬೇಡಿ. ನಟ್ಟು ಹೋದರೂ ಪರವಾಗಿಲ್ಲ, ಉಳಿ ಹಾಕಿ ಸೀಳಿ ತೆಗೀರಿ. ಹೊಸ ನಟ್ಟು ಸಿಗುತ್ತದೆ. ಕೇಸಿಂಗಿನ ಥ್ರೆಡ್ ಹೋದರೆ ಆಟ ಮುಗೀತು.

ಲೇತ್ ಮೂರ್ತಿ (ಜೂನ್ 9, ರಾತ್ರಿ 9:30)

ಸಾರ್ ಹೇಳಿದ ಹಾಗೆ ಸೀಳಿದೆ. ಬಂತು. ಎರಡು ದಿನ ಅದಕ್ಕೇ ಹೋಯಿತು. ಪಿನಿಯನ್‌ನಲ್ಲಿ ಎರಡು ಹಲ್ಲು ಇಲ್ಲ, ಫಾರ್ವರ್ಡ್ ಗೇರಿನಲ್ಲಿ ಹಲ್ಲಿನ ತುದಿ ಚಕ್ಕೆ ಎದ್ದಿದೆ. ಮುಂದಿನ ಟೇಪರ್ ಬೇರಿಂಗ್ ತುಕ್ಕು ತಿಂದಿದೆ. ಪ್ರೊಪೆಲ್ಲರ್ ಶಾಫ್ಟನ್ನು ಲೇತಿನಲ್ಲಿ ಸೆಂಟರ್ ಹಿಡಿದು ಡಯಲ್ ಇಟ್ಟೆ, 0.45 ಎಂಎಂ ಓಡುತ್ತಿದೆ, ಅಂದರೆ ಶಾಫ್ಟ್ ಬಾಗಿದೆ. ಪ್ರೆಸ್‌ನಲ್ಲಿ ನೇರ ಮಾಡಿಬಿಡಲಾ?

ಕುಮಟಾ ಟು ಕುಣಿಗಲ್ (ಜೂನ್ 9, ರಾತ್ರಿ 9:41)

ಬೇಡ ಮೂರ್ತಿಯಣ್ಣ. ಒಮ್ಮೆ ಬಾಗಿದ್ದು ಕಣ್ಣಿಗೆ ನೇರ ಆದರೂ ಕೂದಲೆಳೆ ಬಿರುಕು ಇರಬಹುದು. ಸ್ವಲ್ಪ ಓಡಿದರೂ ಹೊಸ ಸೀಲು ಒಂದು ಸೀಸನ್ ಬಾಳಲ್ಲ. ಹೊಸದು ತರಿಸಿ.

ಸಿರಾ ಕಡಲೆಕಾಯಿ (ಜೂನ್ 9, ರಾತ್ರಿ 9:50)

ಆ ಗೇರನ್ನು ನಮ್ಮಲ್ಲೇ ಕಟ್ ಮಾಡಿಸಬಾರದಾ? ತುಮಕೂರಲ್ಲಿ ಇಲ್ಲದ ಮೆಷಿನ್ನಾ?

ಕೆಜಿಎಫ್ ಹಳೇ ಗೇರು (ಜೂನ್ 10, ಬೆಳಗ್ಗೆ 6:05)

ಕಟ್ ಮಾಡಿಸಬಹುದು. ಬೆವೆಲ್ ಗೇರಿನ ಹಲ್ಲು ಬಾಗಿರುತ್ತದೆ. ಸರಿಯಾದ ಉಕ್ಕು ಬೇಕು, ಮೇಲ್ಮೈ ಗಟ್ಟಿ ಆಗುವ ಹಾಗೆ ಹೀಟ್ ಟ್ರೀಟ್‌ಮೆಂಟ್ ಬೇಕು, ಆಮೇಲೆ ಜೋಡಿ ಮಾಡಿ ಉಜ್ಜಬೇಕು. ಒಂದೇ ಸೆಟ್‌ಗೆ ಇಷ್ಟೆಲ್ಲ ಮಾಡಿಸಿದರೆ ಆಮದು ಮಾಡಿದ್ದಕ್ಕಿಂತ ಜಾಸ್ತಿ ಆಗುತ್ತದೆ. ನೀರಿನ ಮಧ್ಯೆ ಹಲ್ಲು ಉದುರಿದರೆ ತಳ್ಳಿಕೊಂಡು ಬರೋಕೆ ಅದು ಜೀಪಲ್ಲ.

ನಾನು ಹೇಳುವುದು ಇಷ್ಟು. ಗೇರು, ಶಾಫ್ಟು, ಬೆಲ್ಲೋಸ್ ಹೊರಗಿನಿಂದ ತರಿಸಿ. ಬೇರಿಂಗಿನ ಮೇಲೆ ನಂಬರ್ ಕೊರೆದಿರುತ್ತದೆ. ಅದನ್ನು ಬರೆದುಕೊಂಡು ಬೆಂಗಳೂರಿಗೆ ಹೋಗಿ ವಿಚಾರಿಸಿ. ಅಂಗಡಿಯವನಿಗೆ ಬೋಟ್ ಅಂತ ಹೇಳಲೇಬೇಡಿ! ಸ್ಕೆಗ್ ವೆಲ್ಡಿಂಗ್ ಇಲ್ಲೇ ಮಾಡಿಸಿ.

ಕುಮಟಾ ಟು ಕುಣಿಗಲ್ (ಜೂನ್ 10, ಬೆಳಗ್ಗೆ 9:20)

ಸಾರ್ ಮಾತಿಗೆ ಒಂದು ಸೇರಿಸುತ್ತೇನೆ. ಬೇರಿಂಗು ನಂಬರಿಗೆ ಸಿಕ್ಕರೆ ತಗೊಳ್ಳಿ, ಸೀಲಿನಲ್ಲಿ ಮಾತ್ರ ಜಾಣತನ ಬೇಡ. ಅಳತೆ ಸರಿ ಹೋದರೂ ಮಾಮೂಲಿ ಸೀಲಿನ ಒಳಗಿನ ಸ್ಪ್ರಿಂಗು ಉಪ್ಪು ನೀರಿಗೆ ತುಕ್ಕು ಹಿಡಿದು ತುಂಡಾಗುತ್ತದೆ. ಸ್ಟೇನ್‌ಲೆಸ್ ಸ್ಪ್ರಿಂಗಿನದೇ ಬೇಕು.

ಸ್ಕೆಗ್‌ಗೆ ಆರ್ಗಾನ್ ವೆಲ್ಡಿಂಗ್ ಮಾಡುವ ಮೊದಲು ಒಳಗಿನ ಬೇರಿಂಗು ಸೀಲು ಎಲ್ಲ ಹೊರಗಿರಬೇಕು. ಉಪ್ಪು ಕುಡಿದ ಅಲ್ಯೂಮಿನಿಯಂ ಅದು. ಬಿಳಿ ಲೋಹ ಕಾಣುವವರೆಗೆ ಉಜ್ಜದಿದ್ದರೆ ವೆಲ್ಡಿಂಗ್ ತುಂಬ ಸೂಜಿ ತೂತು ಬರುತ್ತದೆ.

ಗೇರ್ ಕೂರಿಸುವುದು ಬೇರೆ ವಿದ್ಯೆ. ಪಿನಿಯನ್ ಎತ್ತರ, ಹಲ್ಲಿನ ನಡುವಿನ ಸಂದು, ಎರಡನ್ನೂ ಕಾಗದದಷ್ಟು ತೆಳು ಶಿಮ್ ಹಾಕಿ ಸರಿ ಮಾಡಬೇಕು. ಅದಕ್ಕೆ ಅಳತೆ ಟೂಲ್ ಬೇಕು. ಮಂಗಳೂರಿನಲ್ಲಿ ನಮ್ಮ ಚಿಕ್ಕಪ್ಪನ ಶಿಷ್ಯ ಒಬ್ಬ ಇದ್ದಾನೆ. ಟೂಲ್ ತಗೊಂಡು ಬಾ ಅಂತ ಹೇಳುತ್ತೇನೆ. ಬಸ್ ಚಾರ್ಜು, ಎರಡು ದಿನದ ಕೂಲಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ.

ಗುಡಿಬಂಡೆ ಗಡಿಯಾರ (ಜೂನ್ 10, ಬೆಳಗ್ಗೆ 9:45)

ತಟ್ಟೆ ಇಡ್ಲಿಗಾದರೆ ನಾನೂ ಬರುತ್ತೇನೆ. ಶಿಮ್ ಹಿಡಿದುಕೊಳ್ಳೋಕೆ ಒಬ್ಬರು ಬೇಕಲ್ವಾ.

ಬಟವಾಡಿ ಹುಡುಗ (ಜುಲೈ 19, ರಾತ್ರಿ 11:00)

ಇಷ್ಟು ದಿನ ಬರೆಯಲಿಲ್ಲ, ಸಾರಿ. ಪಾರ್ಟ್ಸ್ ಬರೋಕೆ ಐದು ವಾರ ಹಿಡಿಯಿತು. ವಿಮಾನದಲ್ಲಿ ಬೇಡ, ಹಡಗಿನಲ್ಲೇ ಬರಲಿ ಅಂದದ್ದಕ್ಕೆ ಸಾಗಣೆಯಲ್ಲಿ ಸ್ವಲ್ಪ ಉಳಿಯಿತು.

ಮಂಗಳೂರಿನ ಹುಡುಗ ಮೊನ್ನೆ ಬಂದ. ವಯಸ್ಸು ಇಪ್ಪತ್ತಾರಂತೆ, ಮಾತು ಕಡಿಮೆ. ಗೇರಿಗೆ ನೀಲಿ ಬಳಿದು, ಕೈಯಲ್ಲಿ ತಿರುಗಿಸಿ, ಹಲ್ಲಿನ ಮೇಲೆ ಗುರುತು ಎಲ್ಲಿ ಬಿತ್ತು ಅಂತ ಟಾರ್ಚ್ ಹಿಡಿದು ನೋಡುತ್ತಾನೆ. ತಲೆ ಅಲ್ಲಾಡಿಸಿ ಮತ್ತೆ ಬಿಚ್ಚುತ್ತಾನೆ. ಏಳು ಸಲ ಹೀಗೆ ಆಯಿತು. ಕೆಜಿಎಫ್ ಸಾರ್ ವಿಡಿಯೋ ಕಾಲ್‌ನಲ್ಲಿ ಕೂತಿದ್ದರು, ಏಳನೇ ಸಲ ಇಬ್ಬರೂ ಒಟ್ಟಿಗೆ ‘ಹಾಂ’ ಅಂದರು.

ಆಮೇಲೆ ಆಯಿಲ್ ಹಾಕುವ ಮುಂಚೆ ಗಾಳಿ ತುಂಬಿ ಸೋಪಿನ ನೀರು ಬಳಿದೆವು. ಒಂದೂ ಗುಳ್ಳೆ ಇಲ್ಲ. ಆಯಿಲನ್ನು ಕೆಳಗಿನ ತೂತಿನಿಂದ ಪಂಪ್ ಮಾಡಿ ಮೇಲಕ್ಕೆ ಹತ್ತಿಸಬೇಕಂತೆ, ಇಲ್ಲದಿದ್ದರೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ನಾನೇ ಪಂಪ್ ಒತ್ತಿದೆ.

ಪಾಲಿಸಿ ಪಾಪಣ್ಣ (ಜುಲೈ 20, ಬೆಳಗ್ಗೆ 10:00)

ಕ್ಲೇಮ್ ಏನಾಯಿತು? ಲೆಕ್ಕ ಪೂರ್ತಿ ಬರೀರಿ. ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಬಟವಾಡಿ ಹುಡುಗ (ಆಗಸ್ಟ್ 11, ರಾತ್ರಿ 9:15)

ಡ್ರೈವ್ ಹೊನ್ನಾವರಕ್ಕೆ ಹೋಗಿ ಬೋಟಿಗೆ ಕೂತಿತು. ಈಗ ಲೆಕ್ಕ ಹೇಳುತ್ತೇನೆ.

ಗೇರ್ ಸೆಟ್ಟು, ಡಾಗ್ ಕ್ಲಚ್ಚು, ಬೇರಿಂಗು ಎಲ್ಲ ಸುಂಕ ಸೇರಿ 1,18,000. ಟೇಪರ್ ಬೇರಿಂಗು ಬೆಂಗಳೂರಲ್ಲೇ ನಂಬರಿಗೆ ಸಿಕ್ಕಿತು, ಇಲ್ಲದಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು. ಪ್ರೊಪೆಲ್ಲರ್ ಶಾಫ್ಟ್ 36,500. ಸೀಲು, ನೀರಿನ ಪಂಪಿನ ಕಿಟ್ 21,000. ಆಲ್ಫಾದಲ್ಲಿ ಎಂಜಿನ್ ತಂಪು ಮಾಡುವ ಪಂಪು ಡ್ರೈವ್ ಒಳಗೇ ಇದೆ, ಬಿಚ್ಚಿದ ಮೇಲೆ ಅದರೊಳಗಿನ ನೀರು ತಳ್ಳುವ ಚಕ್ರ, ಇಂಪೆಲ್ಲರ್, ಬದಲಾಯಿಸದೆ ಮುಚ್ಚುವುದು ದಡ್ಡತನ ಅಂದರು. ಬೆಲ್ಲೋಸ್ ಮತ್ತು ಗಿಂಬಲ್ ಬೇರಿಂಗ್ 27,500. ಹೊಸ ಅಲ್ಯೂಮಿನಿಯಂ ಫ್ಯಾನ್ 16,000. ಸ್ಕೆಗ್ ವೆಲ್ಡಿಂಗ್ 4,000. ಮೂರ್ತಿಯಣ್ಣ 12,000 ಮಾತ್ರ ತಗೊಂಡರು, ಎಷ್ಟು ಹೇಳಿದರೂ ಕೇಳಲಿಲ್ಲ. ಮಂಗಳೂರಿನ ಹುಡುಗನಿಗೆ ತುಮಕೂರು, ಹೊನ್ನಾವರ ಎರಡೂ ಕಡೆ ಓಡಾಟ ಸೇರಿ 24,000. ಪಿಕಪ್ ಹೋಗಿ ಬರೋಕೆ 9,000. ಆಯಿಲು, ಆನೋಡು (ಡ್ರೈವಿನ ಬದಲು ತಾನು ಸವೆಯುವ ಲೋಹದ ತುಂಡು), ಚಿಲ್ಲರೆ 6,200. ಒಟ್ಟು 2,74,200.

ಇನ್ಶೂರೆನ್ಸಿನಿಂದ 96,000 ಬಂತು. ಪಾಪಣ್ಣ ಸಾರ್ ಹೇಳಿದ ಹಾಗೆಯೇ, ಬೆಲ್ಲೋಸು, ಗಿಂಬಲ್, ಸೀಲು, ತುಕ್ಕು ಹಿಡಿದ ಬೇರಿಂಗು ಯಾವುದಕ್ಕೂ ಒಂದು ಪೈಸೆ ಇಲ್ಲ. ಕಲ್ಲಿನ ಲೆಕ್ಕಕ್ಕೆ ಬಂದದ್ದು ಸ್ಕೆಗ್ಗು, ಶಾಫ್ಟು, ಫ್ಯಾನು, ಗೇರಿನಲ್ಲಿ ಒಂದು ಪಾಲು. ನನಗೆ ಬೇಜಾರಿಲ್ಲ. ದೀಪಾವಳಿಯಲ್ಲಿ ಗುರ್ ಅಂದಾಗಲೇ ಬಿಚ್ಚಿದ್ದರೆ ಆ ಬೆಲ್ಲೋಸಿನ ಕೆಲಸ ಮಾತ್ರ ಆಗುತ್ತಿತ್ತು. ಭಾವನಿಗೆ ಇದನ್ನು ಹೇಳಿಲ್ಲ. ಅಕ್ಕ ಹೇಳಿದ್ದಾಳೆ.

ಕುಮಟಾ ಟು ಕುಣಿಗಲ್ (ಆಗಸ್ಟ್ 11, ರಾತ್ರಿ 9:40)

ಎಂಜಿನ್ ಅಲೈನ್‌ಮೆಂಟ್ ನೋಡಿದನಾ ಹುಡುಗ? ಅದನ್ನು ಬಿಟ್ಟರೆ ಹೊಸ ಗಿಂಬಲ್ ಬೇರಿಂಗ್ ಮತ್ತೆ ಹೋಗುತ್ತದೆ.

ಬಟವಾಡಿ ಹುಡುಗ (ಆಗಸ್ಟ್ 11, ರಾತ್ರಿ 9:52)

ನೋಡಿದ. ಉದ್ದದ ಅಳತೆ ರಾಡ್ ತಂದಿದ್ದ. ಬೇರಿಂಗಿನ ಮೂಲಕ ಅದನ್ನು ತೂರಿಸಿದರೆ ಎಂಜಿನ್ನಿನ ಕಪ್ಲರ್ ಒಳಗೆ ಎರಡು ಬೆರಳಿಗೆ ಸಲೀಸಾಗಿ ಹೋಗಬೇಕು. ನಮ್ಮದು ಹೋಗಲಿಲ್ಲ. ಎಂಜಿನ್ ಮುಂದೆ ಸ್ವಲ್ಪ ಕೂತುಬಿಟ್ಟಿತ್ತು. ಮೌಂಟ್ ನಟ್ಟು ತಿರುಗಿಸಿ ಎತ್ತಿದ, ಆಮೇಲೆ ರಾಡು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಆನೋಡು ಕೂಡ ಬದಲಾಯಿಸಿದ. ಹಳೇ ಮಾಲೀಕರು ಸಿಹಿನೀರಿನ ಮೆಗ್ನೀಸಿಯಂ ಆನೋಡು ಹಾಕಿದ್ದರಂತೆ, ಉಪ್ಪು ನೀರಲ್ಲಿ ಕರಗಿ ಬಿಸ್ಕೆಟ್ ಚೂರಿನ ಹಾಗೆ ಉಳಿದಿತ್ತು. ಈಗ ಅಲ್ಯೂಮಿನಿಯಂ ಇದೆ. ಅದಕ್ಕೆ ಪೇಂಟ್ ಬಳಿಯಬಾರದು ಅಂತ ಭಾವನಿಗೆ ಮೂರು ಸಲ ಹೇಳಿ ಬಂದಿದ್ದಾನೆ.

ಸಿರಾ ಕಡಲೆಕಾಯಿ (ಆಗಸ್ಟ್ 11, ರಾತ್ರಿ 10:05)

ಎಲ್ಲ ಸರಿ, ನಮ್ಮನ್ನು ಯಾವಾಗ ಕೂರಿಸುತ್ತೀಯ? ಮನೆಯಲ್ಲಿ ಹೇಳಿದೆಯಾ ಇಲ್ವಾ?

ಬಟವಾಡಿ ಹುಡುಗ (ಆಗಸ್ಟ್ 11, ರಾತ್ರಿ 10:07)

ಮಳೆ ನಿಲ್ಲಲಿ, ಎಲ್ಲರೂ ಬನ್ನಿ. ಮನೆಯಲ್ಲಿ 96,000 ಬಂದ ವಿಷಯ ಮಾತ್ರ ಹೇಳಿದ್ದೇನೆ.

ಲೇತ್ ಮೂರ್ತಿ (ಆಗಸ್ಟ್ 12, ಬೆಳಗ್ಗೆ 7:30)

ಆ ರಿಂಗ್ ನಟ್ಟಿನ ಸ್ಪಾನರ್, ಸೀಲ್ ಕೂರಿಸೋಕೆ ತಿರುಗಿಸಿದ ಬುಷ್ಷು ಎರಡೂ ನನ್ನ ಶಾಪಲ್ಲೇ ಗೋಡೆಗೆ ನೇತುಹಾಕಿದ್ದೇನೆ. ‘ಬೋಟು’ ಅಂತ ಚಾಕ್‌ಪೀಸಲ್ಲಿ ಬರೆದಿದೆ. ಯಾರಿಗಾದರೂ ಬೇಕಾದರೆ ಬಂದು ತಗೊಂಡು ಹೋಗಿ, ವಾಪಸ್ ತಂದುಕೊಡಿ.